ಈ ವಾರ ಯಾವ ಬಣ್ಣ

ಮಂಗಳವಾರ ರಾತ್ರಿ ಒಂಬತ್ತಾಯಿತೆಂದರೆ
ನಮ್ಮ ಬೀದಿಯಲ್ಲಿ ಗಾಲಿಗಳ ಸದ್ದು.
ಒಂದು ವಾರ ನೀಲಿ ಬಿನ್ನು, ಮರುವಾರ ಕಪ್ಪು.
ಹಲ್ ಊರಿಗೆ ಬಂದ ಹೊಸದರಲ್ಲಿ
ಕೌನ್ಸಿಲ್‌ನವರು ಕೊಟ್ಟ ಆ ಪಟ್ಟಿಯನ್ನು
ಪಂಚಾಂಗದ ಹಾಗೆ ಫ್ರಿಜ್ಜಿಗೆ ಅಂಟಿಸಿಕೊಂಡಿದ್ದೆ.

ಪಕ್ಕದ ಮನೆ ಡೆರಿಕ್ ಪಾಪಲ್‌ವೆಲ್‌ನದು.
ಮೀನಿನ ಹಡಗುಗಳಲ್ಲಿ ದುಡಿದವನು, ಒಂಟಿ.
ನಾವು ಬಂದ ಮೂರನೆಯ ವಾರ
ಬಾಗಿಲ ಸೀಳಿನಿಂದ ಒಂದು ಚೀಟಿ ತೂರಿಸಿದ್ದ.
ನಮ್ಮ ಒಗ್ಗರಣೆಯ ಬಗ್ಗೆ ಎರಡು ಸಾಲು,
ನಮ್ಮ ಬಗ್ಗೆ ಮೂರು.
ಐದನ್ನೂ ಇಲ್ಲಿ ಬರೆಯಲಾರೆ.
ಚೀಟಿ ಇನ್ನೂ ಇದೆ, ಚಮಚಗಳ ಡ್ರಾಯರಿನಲ್ಲಿ,
ಹಾಸಿದ ಪ್ಲಾಸ್ಟಿಕ್ಕಿನ ಅಡಿಗೆ.
ಏಳೆಪ್ಪತ್ತರ ಲೆಕ್ಕ ನನಗೆ ಬಾಯಿಪಾಠ;
ಸಂಡೇ ಸ್ಕೂಲಿನಲ್ಲಿ ಅದನ್ನು ಒಪ್ಪಿಸಿ
ಪೆನ್ಸಿಲ್ ಡಬ್ಬಿ ಗೆದ್ದವಳು ನಾನು.

ಈ ಜನವರಿ, ಮಂಜುಗಟ್ಟಿದ ಮೆಟ್ಟಿಲಲ್ಲಿ ಜಾರಿ
ಅವನ ಸೊಂಟ ಮುರಿಯಿತು.
ಆಸ್ಪತ್ರೆಯ ಲಾಂಡ್ರಿಯಲ್ಲಿ ನನ್ನ ಕೆಲಸ.
ಅವನು ಮಲಗಿದ ಹಾಸುಬಟ್ಟೆಯೂ
ನನ್ನ ಕೈ ಮೇಲೆ ಹಾದುಹೋಗಿರಬೇಕು.
ಅದಕ್ಕೆ ಹೆಸರು ಬರೆದಿರುವುದಿಲ್ಲ ನೋಡಿ,
ಹಾಗಾಗಿ ಸುಲಭ.

ಅವನು ಮನೆಗೆ ಮರಳಿದ. ಬಿನ್ನು ಹೊರಗೆ ಬರಲಿಲ್ಲ.
ಒಂದು ಮಂಗಳವಾರ. ಇನ್ನೊಂದು.
ನನ್ನದನ್ನು ದರದರ ಎಳೆದುಕೊಂಡು
ಅವನ ಗೇಟು ದಾಟಿ ಹೋದೆ,
ದಾರಿಯಲ್ಲಿ ಬಿದ್ದವನನ್ನು ಕಂಡೂ
ಆಚೆ ಬದಿಗೆ ಸರಿದುಹೋದ ಯಾಜಕನಂತೆ.
ಅವನಿಗಾದರೂ ದೇವಾಲಯದ ಅವಸರವಿತ್ತೇನೋ.
ನನಗೆ ಟೀವಿಯಲ್ಲಿ ಕೇಕು ಬೇಯಿಸುವ ಸ್ಪರ್ಧೆ.

ಮೂರನೆಯ ಮಂಗಳವಾರ ಎಳೆದೆ.
ಪ್ರೀತಿಯಿಂದಲ್ಲ, ನಾತಕ್ಕೆ.
ಬೇಲಿ ದಾಟಿ ನಮ್ಮ ಅಡುಗೆಮನೆಗೇ ಬರುತ್ತಿತ್ತು.
"ಒಗ್ಗರಣೆಯ ಋಣ ತೀರಿತು" ಅಂದ ನನ್ನ ಗಂಡ ಪ್ರಸನ್ನರಾಜ.
ತುಕ್ಕು ಹಿಡಿದ ಗಾಲಿ ಬೀದಿಗೆಲ್ಲ ಕೇಳುವಂತೆ ಕಿರುಚಿತು.
ಪರದೆ ಸರಿಯಿತು. ಕಿಟಕಿ ತೆರೆಯಿತು.
ಥ್ಯಾಂಕ್ಸ್ ಬರುತ್ತದೆಂದು
ಮುಖ ಹೊಂದಿಸಿಕೊಂಡು ನಿಂತೆ.
"ಅದಲ್ಲ," ಅಂದ. "ಈ ವಾರ ನೀಲಿ."
ನಾತ ಕಪ್ಪಿನದು, ವಾರ ನೀಲಿಯದು.
ಅವನು ಹೇಳಿದ್ದೇ ಸರಿ.
ಕಪ್ಪನ್ನು ಒಳಗೆ ನೂಕಿ ನೀಲಿಯನ್ನು ತಂದೆ,
ಹಲ್ಲು ಕಚ್ಚಿಕೊಂಡು.

ಬೆಟಗೇರಿಯ ಓಣಿಯಲ್ಲಿ ಅವ್ವ ನಸುಕಿನಲ್ಲೆದ್ದು
ನಮ್ಮ ಅಂಗಳ ಗುಡಿಸುತ್ತ ಗುಡಿಸುತ್ತ
ತಮ್ಮ ಬಾವಿಯ ಹಗ್ಗವನ್ನು ನಮಗೆ ಮುಟ್ಟಗೊಡದವರ
ಅಂಗಳವನ್ನೂ ಅರ್ಧ ಗುಡಿಸಿಬಿಡುತ್ತಿದ್ದಳು.
ನಾನು ರೇಗಿದರೆ,
"ಕಸಬರಿಗಿಗೆ ಗಡಿ ಎಲ್ಲಿ ತಿಳೀತದ, ಬಿಡ" ಅನ್ನುವಳು.
ಅವರು ಹಗ್ಗ ಕೊಟ್ಟರೇ?
ಕೊಡಲಿಲ್ಲ. ನಲ್ಲಿ ಬಂತು.
ಅವಳ ಮೇಲೆ ಆಗ ನನಗೆ ಸಿಟ್ಟು.
ಈಗಲೂ ಒಂದಿಷ್ಟು ಉಳಿದಿದೆ.

ಭಾನುವಾರ ನಮ್ಮ ಚರ್ಚಿನಲ್ಲಿ ಹದಿನಾಲ್ಕು ಜನ.
ಹೀಟರು ಕೆಟ್ಟಿದೆ, ಯಾರೂ ಕೋಟು ಬಿಚ್ಚುವುದಿಲ್ಲ.
ಸಮಾಧಾನ ಹೇಳಿ ಕೈಕುಲುಕುವ ಹೊತ್ತಿಗೆ
ನನ್ನ ಅಂಗೈಯಲ್ಲಿ ಬಿನ್ನಿನ ಹಿಡಿಕೆಯ ವಾಸನೆ,
ಮೂರು ಸಲ ಸೋಪು ಹಚ್ಚಿದ್ದರೂ.
ಮುದುಕಿ ವಿನಿಫ್ರೆಡ್ ಹಿಡಿದ ಕೈ ಬಿಡಲಿಲ್ಲ.
"ಎಷ್ಟು ಬೆಚ್ಚಗಿದೆ" ಅಂದಳು, ಅಷ್ಟೇ.
ರೊಟ್ಟಿಯ ಚೂರೂ ಅದೇ ಅಂಗೈಗೆ ಬಿತ್ತು.

ನಿನ್ನೆ ಹೋದಾಗ ಅವನ ಗೇಟಿನ ಚಿಲಕ
ಮೊದಲೇ ತೆಗೆದಿತ್ತು.
ಗಾಳಿಗೆ ಮುಚ್ಚಿಕೊಳ್ಳದಂತೆ ಒಂದು ಇಟ್ಟಿಗೆ.
ವಾಕರ್ ಹಿಡಿದವನು ಅಷ್ಟು ಬಗ್ಗಿದ್ದು ಹೇಗೆ?
ಕಿಟಕಿ ತೆರೆಯಲಿಲ್ಲ.
ನಾನೂ ತಲೆಯೆತ್ತಲಿಲ್ಲ.

ಒಳಗೆ ಬಂದು ಡ್ರಾಯರು ಎಳೆದು
ಚಮಚ ಸರಿಸಿ ಚೀಟಿ ತೆಗೆದೆ.
ಮಡಿಕೆಗಳಲ್ಲಿ ಕಾಗದ ಹಳದಿಯಾಗಿದೆ,
ಅಕ್ಷರ ಇನ್ನೂ ಗಟ್ಟಿ.
ಹೊರಗೆ ಬೀದಿಯುದ್ದಕ್ಕೂ ಕಪ್ಪು ಬಿನ್ನುಗಳು.
ಕಾಗದ ಹೋಗುವುದು ನೀಲಿಯಲ್ಲಿ.
ಮುಂದಿನ ವಾರ ನೋಡೋಣವೆಂದು
ವಾಪಸ್ಸು ಇಟ್ಟೆ,
ಈ ಸಲ ಚಮಚಗಳ ಮೇಲೆ.